ವಾಪಸ್ ತಗೊಳ್ಳುವ ಮಾವ

ನನ್ನ ಸೋದರಮಾವನಿಗೆ ವ್ಯಾಪಾರದ ಗಂಧಗಾಳಿಯೂ ಇಲ್ಲ. ಇದ್ದಿದ್ದರೆ ಸಮುದ್ರದ ಸುಳಿವೇ ಇಲ್ಲದ ದಾವಣಗೆರೆಯಲ್ಲಿ ಹಳೇ ದೋಣಿ ಎಂಜಿನ್ ಮಾರಲು ಕೂರುತ್ತಿದ್ದನೇ? ಅದೂ ಮಂಡಿಪೇಟೆಯಲ್ಲಿ, ಒಣಮೆಣಸಿನಕಾಯಿ ಅಂಗಡಿಯ ಪಕ್ಕದಲ್ಲಿ! ಎಂಜಿನ್ ನೋಡಲು ಬಂದವರು ಮೊದಲು ಸೀನುತ್ತಾರೆ. "ಒಂಟಿ ಸೀನು, ಅಪಶಕುನ. ನಾಳೆ ಬರ್ರಿ" ಎಂದು ಗಿರಾಕಿಯನ್ನು ಸಾಗಹಾಕುವ ವ್ಯಾಪಾರಿಯನ್ನು ನೀವು ಕಂಡಿದ್ದೀರಾ?

ಒಮ್ಮೆ ಹರಿಹರದಿಂದ ಒಬ್ಬ ಸಾಹೇಬರು ಬಂದರು. ಹೊಳೆಯಲ್ಲಿ ಮೀನು ಹಿಡಿಯುವ ದೋಣಿ ಅವರದು.

"ಎಂಜಿನ್ ಹೆಂಗೈತ್ರಿ?"

"ನೋಡಾಕ ಚಂದ ಐತೆ. ಆದ್ರ ಚಳಿಗಾಲದಾಗ ಸ್ಟಾರ್ಟ್ ಆಗಲ್ಲ, ಹಗ್ಗ ಎಳೆದೆಳೆದು ರಟ್ಟೆ ಬಿದ್ದೋಗ್ತಾವ. ಎಣ್ಣಿ ಸೋರ್ತೈತೆ. ಹೊಗಿ ಬ್ಯಾರೆ."

ಸಾಹೇಬರು ಗಾಬರಿಯಾದರು. "ಬಾಯಿಬಿಟ್ಟೇ ಇಷ್ಟು ಹೇಳ್ತಾನ ಅಂದ್ರ ಮುಚ್ಚಿಟ್ಟಿದ್ದು ಎಷ್ಟೈತೋ, ಯಾ ಅಲ್ಲಾ!" ಎಂದು ಹೊರಟೇಹೋದರು. ಊರೂರಿನ ಎಂಜಿನ್ ಅಂಗಡಿ ಸುತ್ತಿ, ಎಲ್ಲರ ಬಾಯಲ್ಲೂ "ಫಸ್ಟ್ ಕ್ಲಾಸ್" ಎಂಬುದನ್ನೇ ಕೇಳಿ ಬೇಸತ್ತು, ವಾರದ ಮೇಲೆ ಮತ್ತೆ ಬಂದರು. ಚೌಕಾಸಿ ಉಲ್ಟಾ ಶುರುವಾಯಿತು.

"ಅಷ್ಟೇನು ಕೆಟ್ಟಿಲ್ಲ ಬಿಡ್ರಿ. ಶಬ್ದ ಕೇಳ್ರಿ, ಎಷ್ಟು ಚಲೋ ಐತೆ!"

"ಆ ಶಬ್ದ ಬರಬಾರ್ದು ಸಾಹೇಬ್ರ. ಅದು ಬೇರಿಂಗ್ ಅಳೋದು. ಐನೂರು ಕಡಿಮಿ ಕೊಡ್ರಿ."

ಸಾಹೇಬರು ಬಣ್ಣ ಹೊಗಳಿದರು. ಮಾವ ಬಣ್ಣದ ಕೆಳಗಿನ ತುಕ್ಕು ಕೆರೆದು ತೋರಿಸಿ ಮತ್ತಷ್ಟು ಇಳಿಸಿದ. ಕೊನೆಗೆ ಸಾಹೇಬರೇ ಕೈಮುಗಿದರು. "ಇನ್ನ ಇಳಿಸಿದ್ರ ನಾ ತಗೊಳಲ್ಲ ನೋಡ್ರಿ!"

ಎಂಜಿನ್ ಕೊಂಡು ಸಾಹೇಬರು ಹೊರಡುವಾಗ ಮಾವ ತನ್ನ ಕರಾರು ಹೇಳಿದ. ಎಲ್ಲರಿಗೂ ಅದೇ ಕರಾರು: "ಆರು ತಿಂಗಳೊಳಗ ಬ್ಯಾಡ ಅನ್ಸಿದ್ರ ಬಡಿಬ್ಯಾಡ್ರಿ, ಗುಜರಿಗೆ ಹಾಕಬ್ಯಾಡ್ರಿ. ಫೋನ್ ಮಾಡ್ರಿ, ನಾನೇ ಬಂದು ಒಯ್ತೀನಿ."

ನಿಜಕ್ಕೂ ಹೋಗುತ್ತಾನೆ! ಲಗೇಜ್ ಆಟೋದಲ್ಲಿ ಎಂಜಿನ್ನಿಗೆ ಕಂಬಳಿ ಹೊದಿಸಿ ಮನೆಗೆ ತರುತ್ತಾನೆ. "ಬಾಣಂತಿನ ಕರ್ಕೊಂಡು ಬಂದ್ರೇನು? ನೀರು ಕಾಯಿಸ್ಲಾ?" ಎಂದು ಅತ್ತೆ ಬಾಗಿಲಲ್ಲೇ ಹಂಗಿಸುತ್ತಾಳೆ. ಮಾವ ಕಂಬಳಿ ಮಡಿಸುತ್ತ ನಗುತ್ತಾನೆ.

ಇಂಥ ಮಾವನನ್ನು, ಗಂಡಿನ ಕಡೆಯವರು ನನ್ನನ್ನು ನೋಡಲು ಬರುವ ಶಾಸ್ತ್ರಕ್ಕೆ ಕೂರಿಸಬಹುದೇ? ಕೂರಿಸದೆ ಗತಿಯಿರಲಿಲ್ಲ. ಅಪ್ಪ ತೀರಿಕೊಂಡಿದ್ದ, ಮನೆಗೆ ಹಿರಿಯನೆಂದರೆ ಮಾವನೇ. ಅದಾಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಈ ಹುಡುಗನಂತೂ ನನಗೆ ತುಂಬಾ ಹಿಡಿಸಿದ್ದ. "ನಿನ್ನ ಕಾಲಿಗೆ ಬೀಳ್ತೀನಿ, ಬಾಯಿ ಬಿಡಬ್ಯಾಡ" ಎಂದು ಅಮ್ಮ ಮಾವನ ಮುಂದೆ ಬೆಳಗಿನಿಂದ ಜಪ ಮಾಡಿದ್ದಳು.

ಹುಡುಗನ ಅಪ್ಪ ಕೇಳಿಯೇಬಿಟ್ಟರು. "ಹುಡುಗಿ ಹೆಂಗ್ರಿ?"

"ಬೆಳಿಗ್ಗಿ ಬೇಗ ಏಳಲ್ರಿ," ಶುರುಮಾಡಿದ ಮಾವ. "ಸಿಟ್ಟು ಮೂಗಿನ ತುದ್ಯಾಗ. ರೊಟ್ಟಿ ಬಡಿದ್ರ ಒಂದೂ ದುಂಡಗ ಬರಲ್ಲ. ಆದ್ರ ಸುಳ್ಳು ಗೊತ್ತಿಲ್ರಿ ಅವಳಿಗೆ."

ಅಮ್ಮ ಹಣೆ ಚಚ್ಚಿಕೊಂಡಳು. ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮುಗಿಯಿತು, ಮೂರನೆಯದೂ ಹೋಯಿತು!

ಹುಡುಗನ ಅಪ್ಪ ಗಹಗಹಿಸಿ ನಕ್ಕರು. "ನಿಮ್ಮ ಅಂಗಡಿ ಸುದ್ದಿ ಕೇಳೀನಿ ಬಿಡ್ರಿ. ವಾಪಸ್ ತಗೊಳ್ಳೋ ಕರಾರು ಇಲ್ಲೂ ಐತೇನು?"

ಎಲ್ಲರೂ ನಕ್ಕರು. ಮಾವ ಮಾತ್ರ ನಗಲಿಲ್ಲ.

"ಐತ್ರಿ. ಬ್ಯಾಡ ಅನ್ಸಿದ್ರ ಬೈಬ್ಯಾಡ್ರಿ, ಕೈ ಮಾಡಬ್ಯಾಡ್ರಿ. ಫೋನ್ ಮಾಡ್ರಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ. ಎಂಜಿನ್ನಿಗಾದ್ರ ಆರು ತಿಂಗಳು. ಇವಳಿಗೆ ನಾನಿರೋತನಕ."

ತಟ್ಟೆ ಹಿಡಿದು ನಿಂತಲ್ಲೇ ನಾನು ಅತ್ತುಬಿಟ್ಟೆ. ಆ ಮನೆಗೇ ಸೊಸೆಯಾಗಿ ಬಂದೆ. ಮಾವನಿಗೆ ಆ ಫೋನ್ ಮಾಡುವ ಪ್ರಸಂಗ ಇನ್ನೂ ಬಂದಿಲ್ಲ. ಬಂದರೂ ನನಗೆ ಭಯವಿಲ್ಲ.