ಒಂದು ಗೇಣು ಎಡಕ್ಕೆ ಹೊಡೆಯುವ ಬಂದೂಕು

ಬಂದೂಕು ಇದ್ದಲ್ಲಿ ಯಾರಿಗಾದರೂ ಗಾಯ ತಪ್ಪಿದ್ದಲ್ಲ ಎಂದು ಹೆದರುವವರಿಗೆ ನಮ್ಮ ಬೀದರದ ರೈಫಲ್ ಕ್ಲಬ್ಬನ್ನು ತೋರಿಸಬೇಕಾಗಿತ್ತು. ನಾನು ಕಾರ್ಯದರ್ಶಿಯಾಗಿದ್ದಷ್ಟು ಕಾಲ ಅಲ್ಲಿ ಗಾಯಗೊಂಡದ್ದು ಮರ್ಯಾದೆ ಒಂದೇ. ಅದೂ ಐತವಾರಕ್ಕೊಮ್ಮೆ ಮಾತ್ರ.

ಬೀದರ ಆಗತಾನೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಹಳೆಯ ಸರಕಾರ ಒಪ್ಪಿದ್ದ ಸಂಘಗಳನ್ನೆಲ್ಲ ಹೊಸ ಸರಕಾರದ ಸಾಹೇಬರು ಕಣ್ಣಾರೆ ನೋಡಿ ಮತ್ತೊಮ್ಮೆ ಒಪ್ಪುತ್ತಾರೆ ಎಂದು ಸುದ್ದಿ ಬಂತು. ಕ್ಲಬ್ಬಿನ ಸ್ವಂತ ಬಂದೂಕಿನಿಂದ ಕ್ಲಬ್ಬಿನ ಒಬ್ಬನಾದರೂ ಗುರಿ ಹೊಡೆದು ತೋರಿಸಬೇಕು. ತಪ್ಪಿದರೆ ಬಂದೂಕು ಪೊಲೀಸರ ಮಾಲಖಾನೆಗೆ, ಮೈದಾನ ಸರಕಾರಕ್ಕೆ, ನಾವು ನಮ್ಮ ನಮ್ಮ ಮನೆಗೆ. ಐತವಾರ ಇಡೀ ದಿನ ಮನೆಯಲ್ಲಿ ಕೂಡುವುದನ್ನು ನೆನೆದೇ ನಮ್ಮ ಸದಸ್ಯರು ಬೆವೆತರು.

ತೊಂದರೆ ಏನೆಂದರೆ, ನಮ್ಮ ಹತ್ತಿರ ಸ್ವಂತ ಬಂದೂಕೇ ಇರಲಿಲ್ಲ. ಅಲ್ಲಿಯವರೆಗೆ ಪೊಲೀಸರಿಂದ ಕಡ ತಂದು ಹೊಡೆಯುತ್ತಿದ್ದೆವು.

ಕನ್ಯಾ ನೋಡಿದ್ದು

ಬಂದೂಕು ಆರಿಸಲು ನಾಲ್ವರು ಹೈದರಾಬಾದಿಗೆ ಹೋದೆವು. ಭಾಲ್ಕಿಯಿಂದ ರೈಲಿನಲ್ಲಿ ಬಂದ ವಕೀಲರು. ನಮ್ಮಲ್ಲಿ ನಿಜವಾಗಿ ಗುರಿ ಹೊಡೆಯಬಲ್ಲವರು ಅವರೊಬ್ಬರೇ. ಔರಾದದಿಂದ ಬಸ್ಸಿನಲ್ಲಿ ಬಂದ ಹೆಡ್‌ಮಾಸ್ತರರು. ಬೀದರದ ಬಿದರಿ ಕೆಲಸದ ಉಸ್ತಾದರು. ಮತ್ತು ನಾನು.

ಅಂಗಡಿಯ ಸೇಠರು ಒಂದೇ ಕಾರ್ಖಾನೆಯ, ಒಂದೇ ನಮೂನೆಯ ಆರು ರೈಫಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿದರು. ಒಂದೇ ಅಚ್ಚಿನಲ್ಲಿ ಹುಟ್ಟಿದರೂ ಅಕ್ಕತಂಗಿಯರ ಹಾಗೆ ಒಂದೊಂದರ ಸ್ವಭಾವ ಬೇರೆ, ನೋಡಿ ಆರಿಸಬೇಕು ಎಂದು ವಕೀಲರು ದಾರಿಯುದ್ದಕ್ಕೂ ಹೇಳಿದ್ದರು. ಅವರು ನಳಿಕೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಉಸ್ತಾದರು ಉಕ್ಕಿನ ಮೇಲೆ ಉಗುರಿನಿಂದ ಗೀರಿದರು. ಮಾಸ್ತರರು ಮರವನ್ನು ಕುಂಬಳಕಾಯಿಯ ಹಾಗೆ ಬೆರಳಿಂದ ಬಡಿದು ಕಿವಿಗೊಟ್ಟರು.

ಅಷ್ಟರಲ್ಲಿ ಚಹಾ ಬಂತು. ಅದರ ಹಿಂದೆ ಉಸ್ಮಾನಿಯಾ ಬಿಸ್ಕೀಟು. ಮತ್ತೆ ಚಹಾ. ಸೇಠರು ಆರನ್ನೂ ಬದಿಗಿಟ್ಟು, ಒಳಕೋಣೆಯಿಂದ ಏಳನೆಯದೊಂದನ್ನು ತಂದರು. "ನಿಮ್ಮಂಥ ಬಲ್ಲವರು ಬರ್ತಾರಂತ ಇದನ್ನ ಎತ್ತಿಟ್ಟಿದ್ದೆ ನೋಡ್ರಿ."

ವಕೀಲರು ನಳಿಕೆಯಲ್ಲಿ ಇಣುಕಿದರು. ಅವರ ಮುಖ ಸಣ್ಣಗಾದದ್ದನ್ನು ನಾನು ನೋಡಿದೆ. ಆದರೂ, "ಭಾಳ ಛಲೋ ಅದರಿ" ಎಂದರು. ಮಾಸ್ತರರು "ಒಂದನೇ ದರ್ಜೆ" ಎಂದರು. ಉಸ್ತಾದರು "ಮಾಶಾ ಅಲ್ಲಾ" ಎಂದರು. ಕೊಂಡು ಹೊರಗೆ ಬಂದೆವು.

ಬೀದಿಯಲ್ಲಿ ನಾನು ಕೇಳಿದೆ, "ವಕೀಲ್ ಸಾಹೇಬ್ರ, ನಳಿಗಿ ಹ್ಯಾಂಗ ಅದರಿ?"

"ನಳಿಗಿ ಮಾತು ಬಿಡ್ರಿ. ಎರಡೆರಡು ಸಲ ಅವನ ಚಹಾ ಕುಡದು, ಮಾರಿ ಎದುರಿಗೆ ಅವನ ಮಾಲು ಖರಾಬ್ ಅನ್ಲಿಕ್ಕೆ ಬರ್ತದೇನು?"

ಉಳಿದ ಆರನ್ನು ಚಹಾ ಒಲ್ಲೆ ಅಂದವರು ಯಾರೋ ಒಯ್ದಿರಬೇಕು.

ಮೊದಲು ನೀವು

ನಮ್ಮ ಮೈದಾನ ಕೋಟೆಯ ಹೊರಗಿತ್ತು. ಒಂದು ಮಣ್ಣಿನ ದಿಬ್ಬ, ಅದರ ಮುಂದೆ ಎರಡು ಗುರಿಹಲಗೆ. ದಿಬ್ಬ ಇಕ್ಕಟ್ಟಾಗಿದ್ದರಿಂದ ಹಲಗೆಗಳು ಪಕ್ಕಪಕ್ಕದಲ್ಲೇ ಇದ್ದವು. ಒಂದರ ನಡುವಿನ ಕಪ್ಪು ಬೊಟ್ಟಿನಿಂದ ಇನ್ನೊಂದರ ಬೊಟ್ಟಿಗೆ ಎರಡೇ ಗೇಣು.

ಹೊಸ ಬಂದೂಕಿನ ಮೊದಲ ಗುಂಡು ಯಾರು ಹೊಡೆಯಬೇಕು ಎಂಬ ಪ್ರಶ್ನೆ ಎದ್ದಿತು.

"ಉಸ್ತಾದ್, ನೀವು ಹೊಡೀರಿ."

"ಅರೇ ನಕ್ಕೋ ವಕೀಲ್ ಸಾಬ್, ನಿಮ್ಮ ಮುಂದ ನಾನ್ಯಾವ ಲೆಕ್ಕ? ಮಾಸ್ತರು ಹೊಡೀಲಿ."

"ಛೇ ಛೇ, ಕೋರ್ಟು ಇದ್ದಾಗ ಸಾಲಿ ಮುಂದ ಹೋಗ್ತದೇನ್ರಿ?"

ಹೀಗೇ ಹೊತ್ತು ಮುಳುಗಿತು. ಮುಂದಿನ ಐತವಾರ, ಹಿರಿಯರು ಮೊದಲು ಎಂದು ನಾನೇ ಒಂದು ನಿಯಮ ಮಾಡಿದೆ. ಅದರಿಂದ ಇನ್ನೂ ಕೆಟ್ಟಿತು. ಎಲ್ಲರೂ ಒಬ್ಬರಿಗಿಂತ ಒಬ್ಬರು ಚಿಕ್ಕವರಾಗತೊಡಗಿದರು. ಉಸ್ತಾದರು ತಮ್ಮ ಮೊಮ್ಮಗಳ ಮದುವೆ ಮರೆತರು. ವಕೀಲರು ಇಳಿಯುತ್ತ ಇಳಿಯುತ್ತ ತಮ್ಮ ಸ್ವಂತ ತಮ್ಮನಿಗಿಂತ ಕೆಳಗೆ ಹೋದರು. ಮಾಸ್ತರರು ಹೇಳಿದ ವಯಸ್ಸು ನಿಜವಾಗಿದ್ದರೆ ಅವರು ನೌಕರಿಗೆ ಸೇರಿದ್ದು ತೊಟ್ಟಿಲಿನಲ್ಲಿ.

ಕೊನೆಗೆ ಉಸ್ತಾದರು ಸೋತು ಮಲಗಿ ಒಂದು ಗುಂಡು ಹೊಡೆದರು. ಅದು ಬೊಟ್ಟಿನಿಂದ ಸರಿಯಾಗಿ ಒಂದು ಗೇಣು ಎಡಕ್ಕೆ ಹೋಯಿತು. ಮಾಸ್ತರರು ಹೊಡೆದರು, ಒಂದು ಗೇಣು ಎಡಕ್ಕೆ. ವಕೀಲರು ಉಸಿರು ಬಿಗಿಹಿಡಿದು ಹೊಡೆದರು. ಅದೇ ಒಂದು ಗೇಣು ಎಡಕ್ಕೆ.

ಬಂದೂಕು ಸೊಟ್ಟಗಿದೆ ಎಂದು ಮೂವರಿಗೂ ತಿಳಿಯಿತು. ಆದರೆ ಆರಿಸಿದವರು ಉಳಿದ ಇಬ್ಬರೂ ಪಕ್ಕದಲ್ಲೇ ನಿಂತಿದ್ದರಲ್ಲ, ಹೇಳುವುದು ಹೇಗೆ?

"ಗಾಳಿ ಅದರಿ," ಎಂದರು ವಕೀಲರು.

"ಭಾಳ ಗಾಳಿ," ಎಂದರು ಮಾಸ್ತರರು.

ಗುರಿಹಲಗೆಯ ಹಿಂದಿನ ಬೇವಿನ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

ಬೆಳ್ಳಿಯ ಹೂವು

ಬಂದೂಕು ಕೆಟ್ಟದ್ದು ಎನ್ನುವಂತಿಲ್ಲ. ಇನ್ನಷ್ಟು ಸುಧಾರಿಸೋಣ ಎನ್ನಬಹುದಿತ್ತು. ಭುಜಕ್ಕೆ ಆನಿಸುವ ಮರದ ಹಿಡಿ ಮಾಸ್ತರರಿಗೆ ಉದ್ದವಾಯಿತೆಂದು ಬಡಿಗನಿಂದ ಕೊಯ್ಸಿದೆವು. ವಕೀಲರಿಗೆ ಗಿಡ್ಡವಾಯಿತೆಂದು ಕೊಯ್ದ ತುಂಡನ್ನೇ ಮತ್ತೆ ಹಚ್ಚಿಸಿದೆವು. ಬಡಿಗ ಎರಡು ಸಲವೂ ಒಂದೇ ಮುಖಭಾವದಿಂದ ಕೆಲಸ ಮಾಡಿದ.

ನಳಿಕೆಯ ತುದಿಯಲ್ಲಿ ಗುರಿ ಹಿಡಿಯಲು ಒಂದು ಸಣ್ಣ ಮೊನೆ ಇರುತ್ತದೆ. ಉಸ್ತಾದರು ಅದನ್ನು ಮಖ್ಖಿ ಎನ್ನುತ್ತಿದ್ದರು. "ಬೀದರದ ಬಂದೂಕಿಗೆ ಬೀದರದ ಗುರುತು ಬ್ಯಾಡೇನ್ರಿ?" ಎಂದು ಮನೆಗೆ ಒಯ್ದು ಆ ಮೊನೆಯ ಮೇಲೆ ಬೆಳ್ಳಿ ಕೂಡಿಸಿ ತಂದರು. ಉದ್ದಿನಕಾಳಿನಷ್ಟು ಜಾಗದಲ್ಲಿ ಐದು ಎಸಳಿನ ಹೂವು! ಕೈ ಮುಗಿಯುವಂಥ ಕೆಲಸ.

ವಕೀಲರು ಬಿಸಿಲಿನಲ್ಲಿ ಮಲಗಿ ಗುರಿ ಹಿಡಿದರು. ಬಹಳ ಹೊತ್ತು ಹಾಗೇ ಇದ್ದರು. ಎದ್ದಾಗ ಎರಡೂ ಕಣ್ಣಲ್ಲಿ ನೀರು.

"ಹ್ಯಾಂಗ ಅನಿಸ್ತು, ವಕೀಲ್ ಸಾಬ್?"

"ಹೂವು ಭಾಳ ಛಂದ ಕಾಣ್ತದ ಉಸ್ತಾದ್. ಹಲಗಿ, ದಿಬ್ಬ, ಕೋಟಿ, ಇವ್ಯಾವೂ ಕಾಣೂದಿಲ್ಲ."

ಬೆಳ್ಳಿಯ ಥಳಕು ಮುಚ್ಚಲು ಪ್ರತಿ ಸಲ ಹೊಡೆಯುವ ಮೊದಲು ದೀಪದ ಮಸಿ ಹಚ್ಚುವುದೆಂದಾಯಿತು. ಮಸಿ ಮೊನೆಯ ಮೇಲೆ ಒಂದು ಪಾಲು ಕೂತರೆ ನಮ್ಮ ಮೂಗು ಕೆನ್ನೆಗಳ ಮೇಲೆ ಮೂರು ಪಾಲು ಕೂಡುತ್ತಿತ್ತು. ಔರಾದದ ಬಸ್ಸಿನ ಕಂಡಕ್ಟರು ಮಾಸ್ತರರನ್ನು ನೋಡಿ, "ಎಂಜಿನ್ ರಿಪೇರಿ ಆತೇನ್ರಿ? ಇನ್ನ ಬಿಡೂಣಾ?" ಎಂದು ಕೇಳಿದನಂತೆ.

ಮೂರು ಗುಟ್ಟು

ಸಾಹೇಬರು ಬರುವ ದಿನ ಗೊತ್ತಾಯಿತು. ತೋಟಾಗಳು ಮುಗಿಯುತ್ತ ಬಂದಿದ್ದವು. ಹೊಸ ಸರಕಾರದಿಂದ ಇನ್ನೂ ಬಂದಿರಲಿಲ್ಲ. ಉಳಿದಷ್ಟನ್ನೂ ಆ ದಿನಕ್ಕೆಂದು ಕಟ್ಟಿಟ್ಟೆವು. ಅಭ್ಯಾಸ ಬಂದ್. ಬಂದೂಕು ನನ್ನ ಮನೆಯಲ್ಲಿತ್ತು.

ಸೋಮವಾರ ಉಸ್ತಾದರು ಬಂದರು. "ಜರಾ ಎಣ್ಣಿ ಹಚ್ತೇನಿ," ಎಂದು ಬಾಗಿಲು ಮುಂದೆ ಮಾಡಿ, ಕಣ್ಣಿನ ಹತ್ತಿರ ಗುರಿ ಕೂಡಿಸುವ ಹಿಂದಿನ ಕಚ್ಚನ್ನು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಸರಿಸಿದರು. "ಈಗ ಒಂದು ಗೇಣು ಬಲಕ್ಕ ಬರ್ತದ. ವಕೀಲರ ಮುಂದ ಹೇಳಬ್ಯಾಡ್ರಿ, ಆರಿಸಿದವರು ಅವರು. ದಿಲ್ ನೊಂದ್ಕೋತಾರ."

ಬುಧವಾರ ಮಾಸ್ತರರು ಔರಾದದಿಂದ ಬಂದರು. "ಹಿಂಗ ಸುಮ್ಮನ ನೋಡಿ ಹೋಗ್ಲಿಕ್ಕೆ ಬಂದೇನ್ರಿ," ಎಂದರು. ಸುಮ್ಮನೆ ನೋಡಲು ಬಂದವರ ಜೇಬಿನಲ್ಲಿ ಸುತ್ತಿಗೆ ಇತ್ತು. ಮುಂದಿನ ಮೊನೆಯನ್ನು ಸರಿಸಿದರು. "ಒಂದು ಗೇಣಿನ ಫರಕು ಹೋತು ನೋಡ್ರಿ. ಉಸ್ತಾದರಿಗೆ ತಿಳೀಬಾರದು, ಹೂವಿನ ಕೆಲಸ ಅವರದು."

ಶನಿವಾರ ಭಾಲ್ಕಿಯಿಂದ ವಕೀಲರು ಬಂದು ಬಂದೂಕನ್ನು ಮುಟ್ಟಲೂ ಇಲ್ಲ. "ನಾನೊಂದು ಉಪಾಯ ಮಾಡೇನಿ. ಬೊಟ್ಟಿಗೆ ಹಿಡಿಯೂದೇ ಇಲ್ಲ, ಒಂದು ಗೇಣು ಬಲಕ್ಕ ಹಿಡೀತೇನಿ. ಸೀದಾ ನಡುವ ಹೋಗಿ ಬಡೀತದ. ಆ ಇಬ್ಬರಿಗೆ ಅನ್ನಬ್ಯಾಡ್ರಿ ಮತ್ತ. ಪಾಪ, ಹಿರಿಯರು."

ಮೂವರೂ ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ನಾನು ಮಾತಿಗೆ ತಪ್ಪುವವನಲ್ಲ. ಮೂರು ಗುಟ್ಟನ್ನೂ ಬೇರೆಬೇರೆಯಾಗಿ ಬಹಳ ಜೋಪಾನವಾಗಿ ಕಾಯ್ದೆ. ಕೂಡಿಸಿ ನೋಡಬೇಕೆಂದು ಹೊಳೆಯಲಿಲ್ಲ.

ಸಾಹೇಬರು ಬಂದರು

ಸಾಹೇಬರು ಮೈಸೂರು ಕಡೆಯವರು, ಮೆತ್ತಗಿನ ಮನುಷ್ಯ. ಹಾರ ಹಾಕಿಸಿಕೊಂಡು, ನಮ್ಮ ಬಂದೂಕಿನ ಹೂವು ಮೆಚ್ಚಿ, "ಸರಿ, ಯಾರು ಹೊಡೀತೀರಿ?" ಎಂದರು.

ವಕೀಲರು ಮುಂದೆ ಬಂದು ಕೈ ಮುಗಿದರು. "ಮೊದಲು ತಾವು ಹೊಡೀಬೇಕ್ರಿ ಸಾಹೇಬ್ರ."

ಆಯಿತು ನಮ್ಮ ಕತೆ, ಎಂದುಕೊಂಡೆ. ಇನ್ನು ಹೊತ್ತು ಮುಳುಗುತ್ತದೆ. ಆದರೆ ಸಾಹೇಬರಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. "ಅಯ್ಯೋ, ಅದಕ್ಕೇನಂತೆ, ಇಬ್ಬರೂ ಒಟ್ಟಿಗೇ ಹೊಡೆಯೋಣ ಬನ್ನಿ," ಎಂದು ಪೊಲೀಸರು ತಂದಿದ್ದ ರೈಫಲ್ ಹಿಡಿದು ಬಲಗಡೆಯ ಹಲಗೆಯ ಎದುರು ಮಲಗಿಯೇಬಿಟ್ಟರು. ಎಡಗಡೆಯ ಹಲಗೆ ವಕೀಲರದು. ತಲಾ ಐದು ಗುಂಡು.

ಸಾಹೇಬರ ಗುಂಡುಗಳು ದಿಬ್ಬದ ನೆತ್ತಿಯಲ್ಲಿ ಧೂಳೆಬ್ಬಿಸಿದವು. ಐದು ಸಲವೂ ಕೋಟೆಯ ಪಾರಿವಾಳಗಳು ಎದ್ದು, ಒಂದು ಸುತ್ತು ಹಾರಿ, ಬೇಸರದಿಂದ ಮತ್ತೆ ಕೂತವು. ವಕೀಲರು ಮಾತ್ರ ಕಲ್ಲಿನ ಹಾಗೆ ಮಲಗಿ, ಒಂದೊಂದು ಗುಂಡಿಗೂ ಉಸಿರು ತಡೆದು ಹೊಡೆದರು. ಉಸ್ತಾದರು ನನ್ನತ್ತ ನೋಡಿ ಕಣ್ಣು ಮಿಟುಕಿಸಿದರು. ಮಾಸ್ತರರೂ ಮಿಟುಕಿಸಿದರು. ಆಗ ನನಗೆ ಲೆಕ್ಕ ಹೊಳೆಯಿತು. ಬಂದೂಕಿನ ತಪ್ಪು ಒಂದು ಗೇಣು. ನಮ್ಮ ತಿದ್ದುಪಡಿ ಮೂರು ಗೇಣು. ಹೆಚ್ಚಾದ ಎರಡು ಗೇಣು ಬಲಕ್ಕೆ ಇದ್ದದ್ದು ಸಾಹೇಬರ ಬೊಟ್ಟು.

ಪೊಲೀಸು ಓಡಿಹೋಗಿ ಹಲಗೆಗಳನ್ನು ತಂದ. ವಕೀಲರ ಹಲಗೆ ಕಾರ್ಖಾನೆಯಿಂದ ಬಂದಷ್ಟೇ ಸ್ವಚ್ಛವಾಗಿತ್ತು. ಸಾಹೇಬರ ಹಲಗೆಯಲ್ಲಿ ಐದು ತೂತು, ಐದೂ ಕಪ್ಪು ಬೊಟ್ಟಿನೊಳಗೆ, ಒಂದು ರೂಪಾಯಿ ನಾಣ್ಯ ಇಟ್ಟರೆ ಐದೂ ಮುಚ್ಚುವ ಹಾಗೆ.

ಬಂದೂಕು ಮಾಲಖಾನೆಗೆ ಹೊರಟಿತೆಂದೇ ನಾವು ತಿಳಿದೆವು.

ಸಾಹೇಬರು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. "ನೋಡ್ರೀ, ನಾನು ಜೀವಮಾನದಲ್ಲಿ ಇದುವರೆಗೆ ಗುರಿ ಮುಟ್ಟಿದವನಲ್ಲ. ಇಂಥ ಮೈದಾನ ಮುಚ್ಚಿಸೋದುಂಟೆ? ಕ್ಲಬ್ಬು ಇರಲಿ." ಆಮೇಲೆ ವಕೀಲರ ಹೆಗಲ ಮೇಲೆ ಕೈಯಿಟ್ಟು, "ನೀವು ಬೇಜಾರು ಮಾಡ್ಕೋಬೇಡಿ. ಪ್ರತಿ ಭಾನುವಾರ ಬರ್ತೀನಿ. ಪಕ್ಕದಲ್ಲೇ ಮಲಗಿ ಹೊಡೀತಾ ಹೊಡೀತಾ ನಾನೇ ಹೇಳಿಕೊಡ್ತೀನಿ," ಎಂದರು.

ಹೇಳಿದಂತೆ ಬಂದರು. ಹೀಗಾಗಿ ಬಂದೂಕನ್ನು ಸರಿಮಾಡುವ ಮಾತೇ ನಿಂತಿತು. ಐತವಾರ ಐತವಾರ ಸಾಹೇಬರು ಪಾರಿವಾಳ ಎಬ್ಬಿಸುವರು, ವಕೀಲರು ಸಾಹೇಬರ ಬೊಟ್ಟು ಹೊಡೆಯುವರು, ಆಮೇಲೆ ಉಸಿರು ಹೇಗೆ ಹಿಡಿಯಬೇಕೆಂದು ಸಾಹೇಬರು ವಕೀಲರಿಗೆ ತಿಳಿಸುವರು. ವಕೀಲರು ತಲೆದೂಗಿ ಕೇಳುವರು. ಒಮ್ಮೆ ಅವರಿಗೆ ಜ್ವರ ಬಂದಾಗ, ಸಾಹೇಬರ ಗುರಿ ತಪ್ಪಬಾರದೆಂದು ಕಂಬಳಿ ಹೊದ್ದುಕೊಂಡು ಭಾಲ್ಕಿಯಿಂದ ರೈಲು ಹತ್ತಿ ಬಂದರು.

ಕೊನೆಗೆ ಸಾಹೇಬರಿಗೆ ವರ್ಗವಾಯಿತು. ಬೀಳ್ಕೊಡುಗೆಯ ಭಾಷಣದಲ್ಲಿ ಅವರು ಬೀದರನ್ನು ಬಹಳ ಹೊಗಳಿ, ಕಡೆಯಲ್ಲಿ ದನಿ ಇಳಿಸಿ ಹೇಳಿದರು: "ಒಂದೇ ಒಂದು ಕೊರಗು ಉಳೀತು. ಇಷ್ಟು ಹೇಳಿಕೊಟ್ಟರೂ ನಮ್ಮ ವಕೀಲರ ಕೈಯಲ್ಲಿ ಒಂದು ಗುಂಡನ್ನಾದರೂ ಹಲಗೆಗೆ ಹೊಡೆಸೋಕಾಗ್ಲಿಲ್ಲ."

ವಕೀಲರು ಎದ್ದು ನಿಂತು ಕೈ ಮುಗಿದರು.

"ನನ್ನ ಚಿಂತಿ ಬಿಡ್ರಿ ಸಾಹೇಬ್ರ. ಇಲ್ಲಿ ಇರೋತನಕ ನಿಮ್ಮದೊಂದೂ ತಪ್ಪಲಿಲ್ಲಲ್ರಿ, ನನಗಷ್ಟ ಸಾಕು."