ಕೌಜುಗ ಕೇಳಿದ ಮಾಸ್ತರ

ಕೌಜುಗಗಳು ಎಲ್ಲಿ ಗೂಡು ಮಾಡುತ್ತವೆ ಎಂದು ಶೇಷಗಿರಿ ಕುರಿ ಕಾಯುವ ಸಾಬಣ್ಣನನ್ನು ಕೇಳಿದ್ದು ಹಿಂದಿನ ಸಂಜೆ. ಬೆಳಗಾಗುವಷ್ಟರಲ್ಲಿ ಎರಡು ಕೌಜುಗ ಕಾಲು ಕಟ್ಟಿಸಿಕೊಂಡು ಅವನ ಹೊಸ್ತಿಲ ಮೇಲೆ ಬಿದ್ದಿದ್ದವು. ಪಕ್ಕದಲ್ಲಿ ಸಾಬಣ್ಣ ಬೀಗರಿಗೆ ಉಡುಗೊರೆ ತಂದವನಂತೆ ನಗುತ್ತ ನಿಂತಿದ್ದ.

"ಏನಪ್ಪ ಇದು?"

"ನಿನ್ನಿ ನೀವೇ ಕೇಳಿದ್ರಲ್ರಿ ಮಾಸ್ತರ."

"ನಾನು ಕೇಳಿದ್ದು ಎಲ್ಲಿರ್ತವೆ ಅಂತ!"

"ಈಗ ಇಲ್ಲೇ ಅದಾವ ನೋಡ್ರಿ."

"ಅಯ್ಯೋ, ನಾನು ಇವನ್ನೆಲ್ಲ ತಿನ್ನೋದಿಲ್ಲ ಕಣಪ್ಪ."

ಸಾಬಣ್ಣ ಆಚೀಚೆ ನೋಡಿ ದನಿ ತಗ್ಗಿಸಿದ. "ಹೌದ್ರಿ, ಗೊತ್ತೈತ್ರಿ. ಅದಕ್ಕ ರುಮಾಲದಾಗ ಮುಚ್ಚಿ ತಂದೀನಿ."

ಶೇಷಗಿರಿ ಮೈಸೂರಿನ ಟ್ರೈನಿಂಗ್ ಕಾಲೇಜಿನ ವಿದ್ಯಾರ್ಥಿ. ಕನ್ನಡ ನಾಡು ಒಂದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೊಸದಾಗಿ ಸೇರಿದ ಜಿಲ್ಲೆಗಳಲ್ಲಿ ಪಾಠ ಮಾಡಿ ಅಭ್ಯಾಸ ಮಾಡಿಕೊಳ್ಳಲಿ ಎಂದು ಕಾಲೇಜಿನವರು ಅವನನ್ನು ಯಾದಗಿರಿ ಬಳಿಯ ಹತ್ತಿಕುಣಿಯ ಕಡೆಗೆ ಕಳಿಸಿದ್ದರು. ಮೊನ್ನೆಮೊನ್ನೆಯವರೆಗೆ ನಿಜಾಮನ ನಾಣ್ಯ ಚಲಾವಣೆಯಲ್ಲಿದ್ದ ಊರು ಎಂದು ಕೇಳಿ ಅವನ ತಾಯಿ ಮಗ ಪರದೇಶಕ್ಕೇ ಹೊರಟ ಎಂದು ಅತ್ತು, ಹುರಿಹಿಟ್ಟು ಕಟ್ಟಿಕೊಟ್ಟಿದ್ದಳು. ಅವನಿಗೋ ಒಳಗೊಳಗೇ ಸಂತೋಷ. ಆ ಬಯಲಿನ ಹಕ್ಕಿ, ಚಿಗರಿ, ತೋಳಗಳನ್ನು ಕಣ್ಣಾರೆ ನೋಡಬಹುದಲ್ಲ! ಬಂದ ದಿನದಿಂದ ಸಿಕ್ಕಿದವರನ್ನೆಲ್ಲ ಅದು ಎಲ್ಲಿದೆ, ಇದು ಎಲ್ಲಿದೆ ಎಂದು ಕೇಳುತ್ತ ತಿರುಗಿದ್ದ.

ಆದರೆ ಆ ದಿನ ಅವನಿಗೆ ಹಕ್ಕಿಯ ಯೋಚನೆಯೇ ಬೇಡವಾಗಿತ್ತು. ಮಧ್ಯಾಹ್ನದ ಬಸ್ಸಿಗೆ ಇನ್ಸ್‌ಪೆಕ್ಟರು ಬಂದು ಅವನ ಕೊನೆಯ ಪಾಠ ನೋಡುವವರಿದ್ದರು. ಪಾಸಾದರೆ ನಂಜನಗೂಡಿನಲ್ಲಿ, ಮನೆಯಿಂದ ಎರಡೇ ಬೀದಿಯಾಚೆಯ ಶಾಲೆಯಲ್ಲಿ ಕೆಲಸ. ಇಲ್ಲವಾದರೆ ಆ ಜಾಗ ಬೇರೆಯವರ ಪಾಲು.

ಅವನು ಹಕ್ಕಿಗಳ ಕಟ್ಟು ಬಿಚ್ಚಿದ. ಅವು ಬಡ್ಡಿ ಸಾಹುಕಾರನನ್ನು ಕಂಡವರ ಹಾಗೆ ಜೋಳದ ಹೊಲಕ್ಕೆ ಓಡಿದವು. ಸಾಬಣ್ಣ ಮುಖ ಸಣ್ಣದು ಮಾಡಿಕೊಂಡು, "ಸಣ್ಣವು ಆದವೇನ್ರಿ?" ಎಂದು ಕೇಳಿ ಹೊರಟುಹೋದ.

ಆ ಮಾತು ಶೇಷಗಿರಿಗಿಂತ ಮೊದಲೇ ಶಾಲೆ ಮುಟ್ಟಿತ್ತು. ಅವನು ಒಳಗೆ ಕಾಲಿಟ್ಟಾಗ ಶಾಲೆಯ ಜವಾನ ಅಮೀನಸಾಬ ಚೀಲ ಹಿಡಿದು ಕಾಯುತ್ತಿದ್ದ. "ಸಾಬಣ್ಣನ ಮಾಲು ಪಸಂದ ಬರಲಿಲ್ಲಂತಲ್ರಿ. ಇದು ನೋಡ್ರಿ, ಭಾರೀ ಐತಿ!" ಎಂದು ಚೀಲದ ಬಾಯಿ ಬಿಚ್ಚಿದ. ಮೊಳಕೈ ಗಾತ್ರದ ಉಡವೊಂದು ಹೊರಗೆ ಹಾರಿ, ಗೋಡೆ ಹತ್ತಿ, ಮಾಡಿನ ತೊಲೆಯ ಮೇಲೆ ಕೂತು ನಾಲಿಗೆ ಚಾಚಿತು. ಮಕ್ಕಳು ಚಪ್ಪಾಳೆ ಹೊಡೆದರು. ಶೇಷಗಿರಿ ಕುರ್ಚಿ ಹಿಡಿದುಕೊಂಡ.

ಹೆಡ್‌ಮಾಸ್ತರ ಪಂಪಣ್ಣ ಅವನನ್ನು ಹೊರಗೆ ಕರೆದ. "ಅಲ್ರೀ, ನಿಮಗ ಇಲ್ಲಿ ರಿವಾಜು ತಿಳಿದಿಲ್ಲ. ಜಾಗೀರದಾರರ ಕಾಲದಾಗ ಸಾಹೇಬ್ರು ಒಂದು ಪ್ರಾಣಿ ಎಲ್ಲೈತಿ ಅಂತ ಕೇಳಿದ್ರು ಅಂದ್ರ, ಸಂಜಿಗೆ ಅದು ಅವರ ಒಲಿ ಮ್ಯಾಲ ಇರಬೇಕು. ಇಲ್ಲಾಂದ್ರ ಕೇಳಿಸಿಕೊಂಡವನ ಬೆನ್ನ ಮ್ಯಾಲ ಛಡಿ. ನೀವು ಇನ್ನೂ ಏನೇನು ಕೇಳೀರಿ?"

ತಿಂಥಣಿಯ ಹೊಳೆಯಲ್ಲಿ ಮೊಸಳೆ ಇವೆಯೇ ಎಂದು ಮೊನ್ನೆ ಗಾಡಿಯವನೊಬ್ಬನನ್ನು ಕೇಳಿದ್ದು ನೆನಪಾಗಿ ಶೇಷಗಿರಿಯ ಅಂಗಿ ಬೆನ್ನಿಗೆ ಅಂಟಿತು.

ತಪ್ಪು ತನ್ನದು, ತಾನೇ ತಿದ್ದಬೇಕು ಎಂದುಕೊಂಡು ಅವನು ಹಣಮಪ್ಪನ ಗುಡಿಯ ಕಟ್ಟೆ ಹತ್ತಿದ. ಮಂದಿ ಕೂಡಿದರು. "ನಾನು ಯಾವ ಪ್ರಾಣೀನೂ ತಿನ್ನೋದಿಲ್ಲ. ದಯವಿಟ್ಟು ಯಾರೂ ಹಿಡಿದು ತರಬೇಡಿ. ನಾನು ಅವನ್ನ ನೋಡ್ತೀನಿ, ಅಷ್ಟೇ."

"ನೋಡಿ?" ಎಂದಳು ಸಾಬಣ್ಣನ ಹೆಂಡತಿ ಮಲಕಮ್ಮ.

"ಎಷ್ಟಿವೆ ಅಂತ ಎಣಿಸ್ತೀನಿ."

"ಎಣಿಸಿ?"

"ಬರೆದುಕೊಳ್ತೀನಿ."

"ಬರಕೊಂಡು?"

"ಮೈಸೂರಿಗೆ ನಮ್ಮ ಮೇಷ್ಟ್ರಿಗೆ ಕಳಿಸ್ತೀನಮ್ಮ," ಎಂದು ಶೇಷಗಿರಿ ನಿಜ ಹೇಳಿದ ಸಮಾಧಾನದಲ್ಲಿ ನಕ್ಕ.

ಬೇರೆ ಯಾರೂ ನಗಲಿಲ್ಲ. ಮಲಕಮ್ಮ ಸೆರಗು ಬಿಗಿದಳು. "ಕೇಳಿದ್ರೇನ್ರೋ? ತಿನ್ನಾಂವ ಆದ್ರ ಒಂದು ತಿಂದು ಸುಮ್ಮಕಿರತಾನ. ಎಣಿಸಾಂವ ಸುಮ್ಮಕಿರತಾನೇನು? ಇವತ್ತು ಕೌಜುಗ ಎಣಿಸ್ತಾನ, ನಾಳಿಗೆ ನಮ್ಮ ಕುರಿ ಎಣಿಸಿ ತಲಿಗಿಷ್ಟು ಕಂದಾಯದ ಪಟ್ಟಿ ಹಾಕ್ತಾನ. ಹೊಡೀರಿ ಕುರಿ ಗುಡ್ಡಕ್ಕ!"

ಕುರಿ ಹೊಡೆಯಲು ಕೈ ಸಾಲಬೇಕಲ್ಲ? ತಾಯಂದಿರು ಶಾಲೆಗೆ ನುಗ್ಗಿ ಮಕ್ಕಳನ್ನು ರಟ್ಟೆ ಹಿಡಿದು ಎಳೆದೊಯ್ದರು. ಇನ್ಸ್‌ಪೆಕ್ಟರು ಕೋಟಿನ ಧೂಳು ಝಾಡಿಸುತ್ತ ಬಸ್ಸಿಳಿದು ಬಂದಾಗ ತರಗತಿಯಲ್ಲಿ ಹಾಜರಿದ್ದುದು ಉಡ ಒಂದೇ.

"ಮಕ್ಕಳೆಲ್ಲಿ?" ಎಂದರು ಇನ್ಸ್‌ಪೆಕ್ಟರು. ಅವರೂ ಮೈಸೂರಿನ ಕಡೆಯವರು. ಹಣೆಯ ತುಂಬ ನಾಮ.

"ನೀರು ಕುಡಿಯಾಕ ಹೋಗ್ಯಾರ್ರಿ," ಎಂದ ಪಂಪಣ್ಣ.

"ಎಲ್ಲರೂನಾ?"

"ಬಿಸಿಲು ಭಾಳ ಐತ್ರಿ."

"ನಾನು ಚಹಾ ಕುಡಿಯೋದರೊಳಗೆ ಬರಲಿ. ಇಲ್ಲದಿದ್ದರೆ ಪಾಠ ಆಗಲಿಲ್ಲ ಅಂತ ಬರೆದು ಹೋಗ್ತೀನಿ."

ಶೇಷಗಿರಿ ಗುಡ್ಡದ ಬುಡಕ್ಕೆ ಓಡಿದ. ಮಲಕಮ್ಮ ಕೋಲು ಅಡ್ಡ ಹಿಡಿದು ನಿಂತಿದ್ದಳು. ಅವನು ಬೇಡಿದ, ದೇವರಾಣೆ ಹಾಕಿದ, ಪಟ್ಟಿಗೂ ತನಗೂ ಸಂಬಂಧವಿಲ್ಲ ಎಂದ. ಅವಳು ಅಲುಗಲಿಲ್ಲ. ಬಸ್ಸು, ಮನೆ, ನಂಜನಗೂಡು ಎಲ್ಲ ಒಟ್ಟಿಗೆ ಅವನ ಕಣ್ಣ ಮುಂದೆ ಹಾದುಹೋದವು. ಅವನ ಬಾಯಿಂದ ಆ ಮಾತು ತಾನಾಗಿಯೇ ಬಿತ್ತು.

"ಅಕ್ಕಾ, ನಾನು ತಿಂತೀನಿ."

"ಏನು ತಿಂತೀರಿ?"

"ಎಲ್ಲಾ. ಕೌಜುಗ, ಮೊಲ, ಉಡ. ಹೇಳೋಕೆ ನಾಚಿಕೆ ಆಗಿತ್ತು."

ಮಲಕಮ್ಮನ ಮುಖ ಅರಳಿತು. "ಯವ್ವಾ! ಇದನ್ನ ಮುಂಜಾನೇನೇ ಅಂದಿದ್ರ ಕುರಿಗಳಿಗೆ ಗುಡ್ಡ ಹತ್ತೂದು ತಪ್ಪತಿತ್ತಲ್ಲೋ ನನ್ನ ತಮ್ಮ! ಏ ಹುಡುಗೂರಾ, ಸಾಲಿಗೆ ನಡೀರಿ. ಮಾಸ್ತರ ನಮ್ಮಾಂವ ಅದಾನ!"

ಪಾಠ ಅವನು ಕನಸಿನಲ್ಲೂ ಎಣಿಸದಷ್ಟು ಚೆನ್ನಾಗಿ ನಡೆಯಿತು. ಸುತ್ತಲಿನ ಪ್ರಾಣಿಗಳ ಬಗ್ಗೆ ಅವನು ಒಂದು ಕೇಳಿದರೆ ಮಕ್ಕಳು ನಾಲ್ಕು ಹೇಳಿದರು. ಉಡ ಹೇಗಿರುತ್ತದೆ ಎಂದಾಗ ಮೊದಲ ಸಾಲಿನ ಹುಡುಗಿ ಎದ್ದು, "ಇನ್ಸ್‌ಪೆಕ್ಟರ ಸಾಹೇಬರ ತಲಿ ಮ್ಯಾಲ ಐತ್ರಿ," ಎಂದಳು. ಸಾಹೇಬರು ತಲೆ ಎತ್ತಿ ನೋಡಿ, ಕುರ್ಚಿಯನ್ನು ಬಾಗಿಲ ಹೊರಗೆ ಹಾಕಿಕೊಂಡು ಉಳಿದ ಪಾಠ ಕೇಳಿದರು. "ಜೀವಂತ ಪಾಠೋಪಕರಣ! ಪಾಸು, ಮೊದಲ ದರ್ಜೆ," ಎಂದರು.

ಮಕ್ಕಳು ಹೋದ ಮೇಲೆ ಅವರು ಶೇಷಗಿರಿಯ ಕೋಣೆಗೆ ದಣಿವಾರಿಸಿಕೊಳ್ಳಲು ಬಂದರು. ಬೆನ್ನಿಗೇ ಮಲಕಮ್ಮ ಸೆರಗು ಮುಚ್ಚಿದ ಗಡಿಗೆ, ನಾಲ್ಕು ರೊಟ್ಟಿ ತಂದು ಒಳಗಿಟ್ಟಳು. "ಉಣ್ರಿ ಮಾಸ್ತರ. ನಾ ಕಟ್ಟಿ ಮ್ಯಾಲ ಕುಂತಿರತೀನಿ. ಬರೀ ಗಡಿಗಿ ಕೊಟ್ರ ನಿಮ್ಮ ಮಾತು ಖರೆ. ಇಲ್ಲಾಂದ್ರ ನಾಳಿಗೆ ಒಂದು ಹುಡುಗೂ ಸಾಲಿಗೆ ಬರೂದಿಲ್ಲ."

ಮಾಂಸದ ಮಸಾಲೆಯ ವಾಸನೆ ಕೋಣೆ ತುಂಬಿತು. "ಏನ್ರೀ ಅದು?" ಎಂದರು ಇನ್ಸ್‌ಪೆಕ್ಟರು.

ಶೇಷಗಿರಿ ಕೈ ಮುಗಿದು ಎಲ್ಲ ಒಪ್ಪಿಸಿದ. ಕೌಜುಗದಿಂದ ಹಿಡಿದು ಸುಳ್ಳಿನವರೆಗೆ ಒಂದನ್ನೂ ಬಿಡಲಿಲ್ಲ. "ನಾನು ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವನಲ್ಲ ಸ್ವಾಮಿ. ನೀವೇ ದಾರಿ ತೋರಿಸಬೇಕು."

ಇನ್ಸ್‌ಪೆಕ್ಟರು ಗಡಿಗೆಯೊಳಗೆ ಬಗ್ಗಿ ನೋಡಿದರು. ಆಮೇಲೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು.

"ಮೊದಲು ಬಾಗಿಲು ಹಾಕ್ರೀ," ಎಂದರು.

ಗಡಿಗೆ ಬರಿದಾಗುವವರೆಗೆ ಅವರು ಉಂಡರು. ಕೈ ತೊಳೆದು, ನಾಮ ಅಳಿಸಿಹೋಗಿಲ್ಲವಷ್ಟೇ ಎಂದು ಕನ್ನಡಿಯಲ್ಲಿ ನೋಡಿಕೊಂಡು ಹೇಳಿದರು. "ಆರು ತಿಂಗಳಿಂದ ಈ ಸೀಮೆ ಸುತ್ತುತಾ ಇದ್ದೀನಿ. ನಾಮ ನೋಡಿದ ಕೂಡಲೇ ಎಲ್ಲರೂ ಪುಂಡಿಸೊಪ್ಪಿನ ಪಲ್ಯ ಬಡಿಸ್ತಾರೆ. ನಿಮ್ಮಂಥವರು ನಂಜನಗೂಡಿನಲ್ಲಿ ಇದ್ದು ಏನು ಪ್ರಯೋಜನ? ನಿಮ್ಮನ್ನ ಇಲ್ಲಿಗೇ ಖಾಯಂ ಮಾಡೋಕೆ ಇವತ್ತೇ ಬರೀತೀನಿ. ತಿಂಗಳಿಗೊಮ್ಮೆ ನಾನು ತಪಾಸಣೆಗೆ ಬರ್ತೀನಿ."

ಶೇಷಗಿರಿ ಬಾಗಿಲು ತೆರೆದು ಗಡಿಗೆ ಚಾಚಿದ. ಮಲಕಮ್ಮ ಇಣುಕಿ ನೋಡಿ, ಓಣಿಯ ಕೊನೆಯವರೆಗೂ ಕೇಳುವಂತೆ ಕೂಗಿದಳು.

"ಕೇಳ್ರವ್ವಾ! ಮೈಸೂರ ಮಾಸ್ತರ ಎಲುಬು ಸುದ್ದಾ ಬಿಟ್ಟಿಲ್ಲ! ರಾತ್ರಿ ಊಟ ಯಾರ ಮನೀದು?"