ಗಾಳಿ ಕುಡಿಸಿದ ಕಾಕಾ

ನಮ್ಮ ಕಾಕಾನಿಗೆ ತಲೆ ಕೆಟ್ಟಿದೆ ಎಂದು ಇಚಲಕರಂಜಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇನಿತ್ತು? ಅವನ ಕಾರು ಎರಡು ಓಣಿಯಾಚೆಯಿಂದಲೇ ಆ ಸಮಾಚಾರ ಸಾರುತ್ತಿತ್ತು!

ಕುರುಂದವಾಡದ ಸಾಹುಕಾರರೊಬ್ಬರು ಕೃಷ್ಣೆಯ ನೆರೆಯಲ್ಲಿ ಮುಳುಗಿತೆಂದು ಗುಜರಿಗೆ ಹಾಕಿದ ಕಾರು ಅದು. ಮಗ್ಗಗಳ ಫಿಟ್ಟರ್ ಆಗಿದ್ದ ಕಾಕಾ ಅದಕ್ಕೆ ಜೀವ ಕೊಟ್ಟಿದ್ದ. ಈಗ ಅವನದು ಒಂದೇ ಹಟ: ಅದು ತವಂದಿ ಘಾಟನ್ನು ಎಲ್ಲಿಯೂ ನಿಲ್ಲದೆ ಹತ್ತಬೇಕು. ಘಾಟಿನಾಚೆ ಗಡಹಿಂಗ್ಲಜ, ಅವನ ಹೆಂಡತಿ ಕಾಕುವಿನ ತವರು. ಹಿಂದಿನ ವರ್ಷ ಅವಳ ತಂದೆಗೆ ಜಡ್ಡು ಜೋರಾಗಿದೆ ಎಂದು ಸುದ್ದಿ ಬಂದಾಗ ಇದೇ ಕಾರಿನಲ್ಲಿ ಹೊರಟಿದ್ದರು. ಘಾಟಿನ ನಡುವೆ ಕಾರು ಕುದಿದು ನಿಂತಿತು. ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಕು ಅಳಲಿಲ್ಲ, ಗಂಡನನ್ನು ಬೈಯಲೂ ಇಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ! ಆಮೇಲೆ ‘ಊಟಕ್ಕ ಬರ್ರಿ’ ಬಿಟ್ಟರೆ ಅವಳಿಂದ ಬೇರೆ ಮಾತಿಲ್ಲ.

‘ಎಂಜಿನ್ನಿಗೆ ಉಸುರು ಸಾಲವಲ್ದು’ ಎಂದು ಕಾಕಾ ನಿರ್ಣಯಿಸಿದ. ಹೊರಹೋಗುವ ಹೊಗೆಯ ದಾರಿಯಲ್ಲೊಂದು ಫ್ಯಾನು, ಅದು ತಿರುಗುವ ದಂಡಿಗೇ ಇನ್ನೊಂದು ಫ್ಯಾನು. ಹೊಗೆ ಮೊದಲಿನದನ್ನು ತಿರುಗಿಸಿದರೆ ಎರಡನೆಯದು ಎಂಜಿನ್ನಿಗೆ ಗಾಳಿ ತುರುಕುತ್ತದೆ. ಎರಕ ಹೊಯ್ಯಿಸಲು ಕೊಲ್ಲಾಪುರದ ಫೌಂಡ್ರಿಗೆ ನಾನೂ ಹೋಗಿದ್ದೆ. ಅಲ್ಲಿಯ ಮಿಸ್ತ್ರಿ ನಕ್ಕ.

‘ಕಾಯ್ ಹೋ, ಗಾಡೀಲಾ ದಮಾ ಝಾಲಾಯ್ ಕಾಯ್?’

‘ಗಾಡೀಲಾ ನಾಹೀ, ಮಲಾ’ ಎಂದ ಕಾಕಾ. ಉಬ್ಬಸ ಗಾಡಿಗಲ್ಲ, ತನಗೇ ಎನ್ನುವಾಗ ಅವನ ಮುಖದಲ್ಲಿ ನಗುವಿರಲಿಲ್ಲ.

ಮೊದಲ ದಿನವೇ ಅನಾಹುತ! ಗಾಳಿ ಹೆಚ್ಚಾಗಿ ಬಲ ಹೆಚ್ಚಿತು, ಬಲ ಹೆಚ್ಚಾಗಿ ಹೊಗೆ ಹೆಚ್ಚಿತು, ಹೊಗೆ ಹೆಚ್ಚಾಗಿ ಫ್ಯಾನು ಇನ್ನೂ ಜೋರಾಯಿತು. ಒಬ್ಬರನ್ನೊಬ್ಬರು ಹೊಗಳಿ ಉಬ್ಬಿಸುವ ಬೀಗರ ಹಾಗೆ! ಕೊನೆಗೆ ಒತ್ತಡ ತಾಳದೆ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹಾರಿ ಕಾರು ನಿಂತಿತು. ಊರತನಕ ತಳ್ಳಿದವರು ಯಾರು? ಶಾಲಾ ಮಾಸ್ತರನಾದ ನಾನು, ನನ್ನ ವಿದ್ಯಾರ್ಥಿಗಳೆದುರಿಗೇ!

ಆಮೇಲೆ ಹುಪರಿಯಲ್ಲೊಂದು ಮದುವೆ. ಬೀಗರ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಬೀಳುತ್ತಿತ್ತು. ಕಾಕಾ ಎದ್ದು ನಿಂತು ಕೂಗಿದ: ‘ಒಳಗ ತುರಕೂದು ಸಾಕ್ರಿ! ಹೆಚ್ಚಾದದ್ದು ಹೊರಬೀಳಾಕ ಮದಲ ದಾರಿ ಮಾಡ್ರಿ!’ ಕಾಕಾ ಎಂಜಲು ಕೈಯಲ್ಲೇ ಮನೆಗೆ ಓಡಿದ.

ಹೊಗೆಗೆ ಫ್ಯಾನಿನ ಮುಂಚೆಯೇ ಒಂದು ಅಡ್ಡದಾರಿ, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೆ ಮಗ್ಗದ ಸ್ಪ್ರಿಂಗು. ಎಂಜಿನ್ನಿನ ಗಾಳಿ ಮಿತಿಮೀರಿದರೆ ರಬ್ಬರ್ ಹಾಳೆಯೊಂದು ಉಬ್ಬಿ ಮುಚ್ಚಳ ತೆಗೆಯುತ್ತದೆ. ಹೊಗೆ ಫ್ಯಾನಿನ ಗೊಡವೆಗೆ ಹೋಗದೆ ಹೊರಬೀಳುತ್ತದೆ. ಸ್ಪ್ರಿಂಗು ಬಿಗಿಯಾದರೆ ಗ್ಯಾಸ್ಕೆಟ್ಟಿಗೆ ಕುತ್ತು, ಸಡಿಲಾದರೆ ಬಲವೇ ಇಲ್ಲ. ಹದ ಸಿಗಲು ತಿಂಗಳುಗಳೇ ಹಿಡಿದವು. ಎಡವಟ್ಟಾದರೆ ಕೈಯಿಂದಲೇ ಮುಚ್ಚಳ ತೆಗೆಯಲು ಸೀಟಿನ ಪಕ್ಕ ಒಂದು ತಂತಿಯನ್ನೂ ಎಳೆದಿಟ್ಟ. ತೆಗೆದರೆ ಮಾತ್ರ ಇಡೀ ಮಗ್ಗದ ಶೆಡ್ಡೇ ಕಿವಿಯೊಳಗೆ ಹೊಕ್ಕಂಥ ಸದ್ದು!

ಕಾಕಾನ ಮಾವನ ವರ್ಷದ ಪುಣ್ಯತಿಥಿಗೆ ಹೊರಟೆವು. ಮುಂದೆ ಕಾಕಾ ಮತ್ತು ನಾನು, ಹಿಂದೆ ಕಾಕು ಒಬ್ಬಳೇ. ಘಾಟು ಶುರುವಾಯಿತು. ಕಾರು ಏರಿತು, ಏರುತ್ತಲೇ ಹೋಯಿತು! ಹಿಂದಿನ ವರ್ಷ ನಿಂತ ತಿರುವೂ ದಾಟಿತು. ನಾನು ಚಪ್ಪಾಳೆ ತಟ್ಟಬೇಕು, ಅಷ್ಟರಲ್ಲಿ ಹಿಂದಿನಿಂದ ಕಾಕುವಿನ ದನಿ:

‘ಇಷ್ಟ ಸನೇಕ ಇತ್ತೇನ್ರಿ ನಮ್ಮೂರು?’

ಇಷ್ಟು ಹತ್ತಿರವಿದ್ದೂ ಅಂದು ಹೊತ್ತಿಗೆ ಮುಟ್ಟಲಾಗದ ಊರು; ದನಿ ಒಡೆದಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಕಾಕಾ ತಿರುಗಿ ನೋಡಲಿಲ್ಲ. ತಂತಿ ಎಳೆದ.

ಸದ್ದು ಘಾಟನ್ನೆಲ್ಲ ತುಂಬಿತು. ಕಾರಿನ ಬಲ ಉಡುಗಿತು.

‘ಕಾಕಾ, ಮುಚ್ಚೋ ಅದನ್ನ! ಗಾಡಿ ನಿಲ್ಲಾಕತ್ತೈತಿ!’ ಎಂದು ಚೀರಿದೆ.

ಅವನು ನನ್ನ ಕಿವಿಗೆ ಬಾಯಿಟ್ಟು ಕೂಗಿದ: ‘ನಿಲ್ಲಲಿ. ಹಿಂದ ನೋಡಬ್ಯಾಡ. ಆಕಿ ಅಳಾಕತ್ತಾಳ.’

ಘಾಟಿನ ತುದಿ ಹತ್ತು ಮಾರು ದೂರದಲ್ಲಿ ಕಾಣುತ್ತಿತ್ತು. ಹಾದುಹೋಗುವವರು ನಮ್ಮನ್ನು ನೋಡಿ ನಕ್ಕರು. ಕಾಕಾ ಬ್ರೇಕು ತುಳಿದು, ಅವಳ ಬಿಕ್ಕು ಯಾರಿಗೂ ಕೇಳದಂತೆ ಎಂಜಿನ್ನನ್ನು ಕೂಗಿಸುತ್ತ, ಅವಳು ಅತ್ತು ಮುಗಿಸುವವರೆಗೆ ಆ ತಂತಿ ಹಿಡಿದೇ ಕೂತಿದ್ದ.